ಕಂಡಷ್ಟೇ ಹೇಳುವ ಅಕ್ಕ

ಜಮಖಂಡಿಯಲ್ಲಿ ಶಿಕ್ಷಕರಿಗೆ ಎರಡು ದಿನದ ತರಬೇತಿ ಇತ್ತು. ನಾನು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ. ತರಬೇತಿ ಎಂದರೆ ಮಧ್ಯಾಹ್ನದ ಊಟ ಹೇಗಿರುತ್ತದೆ ಎನ್ನುವುದೊಂದನ್ನು ಬಿಟ್ಟು ಬೇರೆ ಕುತೂಹಲ ಉಳಿಯದಷ್ಟು ವರ್ಷ ಸರ್ವಿಸ್ ಆಗಿದೆ ನನಗೆ. ಎರಡನೆಯ ದಿನ, ಶನಿವಾರ, ಹೊರಗಿನಿಂದ ಬಂದಿದ್ದ ಒಬ್ಬ ಮೇಡಂ ನಮಗೆಲ್ಲ ಒಂದೊಂದು ಬಿಳಿ ಹಾಳೆ ಹಂಚಿ, ನೀವು ಯಾವ ಮೌಲ್ಯಗಳನ್ನು ನಂಬಿ ಬದುಕುತ್ತಿದ್ದೀರೋ ಅವುಗಳಲ್ಲಿ ಐದು ಬರೆಯಿರಿ ಎಂದರು. ಇದೇನು ಮಹಾ! ಮಕ್ಕಳಿಗೆ ವರ್ಷಾ ವರ್ಷ ಅದನ್ನೇ ಬರೆಸುವವನು ನಾನು. ಸತ್ಯ, ಪ್ರಾಮಾಣಿಕತೆ, ಕರ್ತವ್ಯನಿಷ್ಠೆ, ಸರಳತೆ, ಸಮಯಪಾಲನೆ ಎಂದು ಎರಡು ನಿಮಿಷದಲ್ಲಿ ಗೀಚಿ, ಪೆನ್ನು ಕಿಸೆಗೆ ಸಿಕ್ಕಿಸಿ ಕೂತೆ. ಅವತ್ತು ನಾನು ಬಂದದ್ದೇ ಅರ್ಧ ಗಂಟೆ ತಡವಾಗಿ.

ಮೇಡಂ ಅಷ್ಟಕ್ಕೆ ಬಿಡಲಿಲ್ಲ. ಹಾಳೆಯ ನಡುವೆ ಒಂದು ಗೆರೆ ಎಳೆಸಿದರು. 'ಈಗ ಪ್ರತಿಯೊಂದರ ಮುಂದೆ, ಅದಕ್ಕಾಗಿ ನೀವು ಏನು ಕಳೆದುಕೊಂಡಿದ್ದೀರಿ ಅಂತ ಬರೆಯಿರಿ' ಎಂದರು. ಪಕ್ಕದಲ್ಲಿ ಕೂತಿದ್ದ ಮುಧೋಳದ ಮಾಸ್ತರರು ಬಹಳ ಹೊತ್ತು ಯೋಚಿಸಿ, ಸಮಯಪಾಲನೆಯ ಮುಂದೆ 'ನಿದ್ದೆ' ಎಂದು ಬರೆದರು. ನಾನು ನಕ್ಕೆ. ಆದರೆ ಚಹಾ ಬರುವ ತನಕ ನನ್ನ ಹಾಳೆಯ ಆ ಅರ್ಧ ಖಾಲಿಯೇ ಇತ್ತು. ಅವರಾದರೂ ನಿದ್ದೆ ಕಳೆದುಕೊಂಡಿದ್ದರು, ನಾನು ಅದನ್ನೂ ಕಳೆದುಕೊಂಡಿರಲಿಲ್ಲ. ಸಿಟ್ಟು ಬಂತು. ಮಾಸ್ತರರನ್ನು ಕೂಡಿಸಿಕೊಂಡು ಇಂಥ ಪ್ರಶ್ನೆ ಕೇಳುತ್ತಾರೆಯೇ ಎಂದು ಬಸ್‌ಸ್ಟ್ಯಾಂಡಿನ ತನಕ ಗೊಣಗುತ್ತಲೇ ಹೋದೆ.

ಬಸ್ಸಿನಲ್ಲಿ ಕೂತ ಮೇಲೆ ನನ್ನ ಅಕ್ಕ ನೆನಪಾದಳು. ಆ ಹಾಳೆಯನ್ನು ಅವಳ ಮುಂದಿಟ್ಟಿದ್ದರೆ ಎಡಗಡೆ ಒಂದೇ ಸಾಲು ಬರುತ್ತಿತ್ತು, ಬಲಗಡೆ ಜಾಗ ಸಾಲುತ್ತಿರಲಿಲ್ಲ.

ನಮ್ಮೂರು ಹಿಪ್ಪರಗಿಯ ಕಡೆಗೆ, ಕೃಷ್ಣಾ ನದಿಯ ದಂಡೆಗೆ. ನಾವು ಮೂವರು. ಅಕ್ಕ ದೊಡ್ಡವಳು, ನಡುವೆ ಅಣ್ಣ, ಕಡೆಗೆ ನಾನು. ಹೊಲ ನೋಡುವವನು ಅಣ್ಣ. ನೌಕರಿ ಹಿಡಿದು ಬನಹಟ್ಟಿಗೆ ಬಂದವನು ನಾನು. ಅಕ್ಕನನ್ನು ಊರಲ್ಲೇ, ನಮ್ಮ ಓಣಿಯಲ್ಲೇ ಕೊಟ್ಟಿದ್ದರು. ನಾಲ್ಕನೆಯ ತರಗತಿಗೆ ಸಾಲಿ ಬಿಟ್ಟು ಅಂದು ಹಿಡಿದ ಕುರಿ ಕಾಯುವ ಕೋಲನ್ನು ಇಂದಿಗೂ ಬಿಟ್ಟಿಲ್ಲ. ಅವಳಿಗೆ ಇರುವುದು ಒಂದೇ ಹಟ: ಕಂಡಷ್ಟು ಹೇಳಬೇಕು. ಕಂಡದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ. ಕೇಳಲು ಬಹಳ ಸಣ್ಣ ಸಂಗತಿ. ಮುಂಜಾನೆಯಿಂದ ಸಂಜೆಯ ತನಕ ಒಂದು ದಿನ ಹಾಗೆ ಇದ್ದು ನೋಡಿರಿ, ಗೊತ್ತಾಗುತ್ತದೆ.

ಒಮ್ಮೆ ಬೀಳಗಿಯ ಕಡೆಯಿಂದ ಹೆಣ್ಣಿನವರು ಬಂದು, ನಮ್ಮ ಓಣಿಯ ಒಬ್ಬ ಹುಡುಗ ಹೇಗೆ ಎಂದು ಅವಳನ್ನು ವಿಚಾರಿಸಿದರು. ಇಂಥ ವೇಳೆಯಲ್ಲಿ ಯಾರಾದರೂ ಏನು ಹೇಳುತ್ತಾರೆ? ಬಂಗಾರದಂಥ ಹುಡುಗ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅಕ್ಕ ಹೇಳಿದ್ದು ಹೀಗೆ: 'ಮಂದ್ಯಾಗ ಛಲೋ ಮಾತಾಡತಾನ್ರಿ. ದುಡಿಯೂದು ಕಂಡೇನಿ. ಅವ್ರ ಅವ್ವಗ ಬಾಯಿ ಮಾಡಿದ್ದು ಎರಡ ಸಲ ಕೇಳೇನಿ. ಮೂರನೇದ್ದು ಕೇಳಿಲ್ಲ.' ಹುಡುಗನ ತಾಯಿ ಅಕ್ಕನ ಜೊತೆ ಒಂದು ವರ್ಷ ಮಾತು ಬಿಟ್ಟಳು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂದು ಗಾದೆ ಮಾಡಿದವರು ನಮ್ಮ ಓಣಿಯನ್ನು ನೋಡಿಯೇ ಮಾಡಿರಬೇಕು. ಮಜಾ ಎಂದರೆ ಆ ಸಂಬಂಧ ಕೂಡಿತು. ಇಷ್ಟು ಹೇಳಿದವಳು ಇನ್ನೇನನ್ನೂ ಮುಚ್ಚಿಟ್ಟಿರಲಾರಳು ಎಂದು ಬೀಳಗಿಯವರು ಧೈರ್ಯ ಮಾಡಿ ಹೆಣ್ಣು ಕೊಟ್ಟರು.

ಇನ್ನೊಂದು ವಿಚಿತ್ರ ಅವಳದು. ನಮ್ಮದು ಬೀರೇಶ್ವರನ ಮನೆತನ. ದೇವರ ಅರಿಷಿಣದ ಪುಡಿಗೆ ನಾವು ಭಂಡಾರ ಎನ್ನುತ್ತೇವೆ. ಊರಲ್ಲಿ ಏನೇ ತಕರಾರು ಬರಲಿ, ಭಂಡಾರ ಹಿಡಿದು ಹೇಳಿಬಿಟ್ಟರೆ ಮುಗಿಯಿತು, ಆಮೇಲೆ ಯಾರೂ ಅಡ್ಡ ಮಾತಾಡುವುದಿಲ್ಲ. ಅಕ್ಕ ದಿನಾ ಹಣೆಗೆ ಭಂಡಾರ ಹಚ್ಚದೆ ನೀರು ಕುಡಿಯುವವಳಲ್ಲ. ಆದರೆ ಅದನ್ನು ಹಿಡಿದು ಆಣೆ ಮಾಡು ಎಂದರೆ ಮಾತ್ರ ಒಲ್ಲೆ ಎನ್ನುತ್ತಾಳೆ. 'ಭಂಡಾರ ಹಿಡದಾಗ ಒಂದು, ಹಿಡೀದ ಇದ್ದಾಗ ಒಂದು, ಹಂಗ ಎರಡ ನಮೂನಿ ಮಾತ ನನ್ನ ಕಡೆ ಇಲ್ಲ' ಎನ್ನುತ್ತಾಳೆ. ಹಿರಿಯರಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತ, ಅವಳು ಬರಿಗೈಯಲ್ಲಿ ಹೇಳಿದ ಮಾತೇ ಆಣೆಯ ಮಾತಿನಷ್ಟು ತೂಕದ್ದು ಎಂದು ಊರು ಒಪ್ಪಿಕೊಂಡಿತು. ಒಬ್ಬ ಕುರಿ ಕಾಯುವ ಹೆಣ್ಣುಮಗಳು ಇದನ್ನು ಗಳಿಸಿದ್ದಾಳೆ. ನಾನು ಎರಡು ಡಿಗ್ರಿ ಮಾಡಿಕೊಂಡವನು, ನನ್ನ ಮಾತನ್ನು ನನ್ನ ಹೆಂಡತಿಯೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ.

ತರಬೇತಿ ಮುಗಿದ ಮರುದಿನ ಭಾನುವಾರ. ಬೇಸಿಗೆ ಏರುತ್ತಿದ್ದ ಕಾಲ. ಬೈಕ್ ಹತ್ತಿ ಊರಿಗೆ ಹೋದೆ. ನಮ್ಮಲ್ಲಿ ಏಳು ಮನೆಯವರು ಕೂಡಿ ನದಿಯಿಂದ ಹೊಲಗಳಿಗೆ ಪೈಪ್‌ಲೈನ್ ಎಳೆದುಕೊಂಡಿದ್ದೇವೆ. ಏಳು ಮನೆಗೂ ಒಂದೇ ಮೋಟರು, ನೀರು ಪಾಳಿಯ ಮೇಲೆ. ಅವತ್ತು ಮಧ್ಯಾಹ್ನದ ತನಕ ನಮ್ಮ ಪಾಳಿ, ಆಮೇಲೆ ಪಕ್ಕದ ಹೊಲದ ಕಾಕಾನದು. ಅಣ್ಣ ಟ್ರ್ಯಾಕ್ಟರಿನ ಸಾಮಾನು ತರಲು ಮುಧೋಳಕ್ಕೆ ಹೋಗಿದ್ದ. ಕರೆಂಟ್ ಬಂತು. ಪಾಳಿ ವ್ಯರ್ಥ ಹೋಗುತ್ತದಲ್ಲ ಎಂದು ನಾನು ಎದ್ದು ನಿಂತೆ.

'ಮಾಸ್ತರ, ಅವ್ರು ಬರೂತನಾ ಮೋಟರ್ ಮುಟ್ಟಬ್ಯಾಡ್ರಿ' ಎಂದಳು ಅತ್ತಿಗೆ. ಮನೆಯಲ್ಲಿಯೂ ನನ್ನನ್ನು ಮಾಸ್ತರ ಎಂದೇ ಕರೆಯುತ್ತಾರೆ. ಅವತ್ತು ಯಾಕೋ ಆ ಮಾತು ಚುಚ್ಚಿತು. ನಾನೂ ಇದೇ ಮಣ್ಣಲ್ಲಿ ಹುಟ್ಟಿದವನಲ್ಲವೇ, ಒಂದು ಗುಂಡಿ ಒತ್ತಲು ಬರುವುದಿಲ್ಲವೇ ಎಂದುಕೊಂಡು ನದಿಯ ಕಡೆಗೆ ನಡೆದೆ.

ಇಂಥ ಮೋಟರು ಹಚ್ಚುವ ಮೊದಲು ಪಂಪಿನಲ್ಲಿ ಕೊಡದಿಂದ ನೀರು ತುಂಬಬೇಕು. ಇದು ನಮ್ಮೂರಲ್ಲಿ ಹಲ್ಲು ಬಾರದ ಕೂಸಿಗೂ ಗೊತ್ತು. ನೀರು ತುಂಬದೆ ಹಚ್ಚಿದರೆ ಪಂಪು ಒಣಗಿದ್ದೇ ತಿರುಗಿ, ಕಾದು, ಒಳಗೆ ಹಿಡಿದುಕೊಳ್ಳುತ್ತದೆ. ಮುಂದೆ ಯಾರು ಹಚ್ಚಿದರೂ ಮೋಟರು ಸುಡುತ್ತದೆ. ಈ ತಪ್ಪನ್ನು ರೈತ ಮಾಡುವುದಿಲ್ಲ, ಹೊರಗಿನವನು ಮೋಟರ್ ಮನೆಗೆ ಹೋಗುವುದೇ ಇಲ್ಲ. ರೈತನ ಮನೆಯಲ್ಲಿ ಹುಟ್ಟಿ, ತಿಂಗಳ ಪಗಾರ ತಿಂದು, ಭಾನುವಾರಕ್ಕೊಮ್ಮೆ ಒಕ್ಕಲಿಗನಾಗುವ ನನ್ನಂಥವರೇ ಇದನ್ನು ಮಾಡುವುದು.

ಹಸಿರು ಗುಂಡಿ ಒತ್ತಿದೆ. ಮೋಟರು ಸದ್ದು ಮಾಡಿತು. ಹೊರಗೆ ಬಂದು ನಿಂತರೆ ಪೈಪಿನ ಬಾಯಿಂದ ನೀರಿಲ್ಲ. ಬಂದೀತು ಬಿಡು ಎಂದು ಕಾದೆ. ಅಷ್ಟರಲ್ಲಿ ಫೋನ್ ಬಂತು, ಮಾತಿನಲ್ಲಿ ಬಿದ್ದೆ. ಮೂಗಿಗೆ ಸುಟ್ಟ ವಾಸನೆ ಬಡಿದಾಗ ಓಡಿಹೋಗಿ ಕೆಂಪು ಗುಂಡಿ ಒತ್ತಿದೆ. ಮೂಲೆಯಲ್ಲಿದ್ದ ಕೊಡ ಆಗ ಕಣ್ಣಿಗೆ ಬಿತ್ತು. ಸುತ್ತ ನೋಡಿದೆ, ಯಾರೂ ಕಾಣಲಿಲ್ಲ. ಮನೆಗೆ ಬಂದು, ಏನೂ ಆಗದವನ ಹಾಗೆ, ವೋಲ್ಟೇಜ್ ಇಲ್ಲ ಎಂದು ಅತ್ತಿಗೆಗೆ ಹೇಳಿ ರೊಟ್ಟಿಗೆ ಕೂತೆ.

ಮಧ್ಯಾಹ್ನ ತನ್ನ ಪಾಳಿಗೆ ಹೋದ ಕಾಕಾ ಪಂಪಿಗೆ ನೀರು ತುಂಬಿ ಗುಂಡಿ ಒತ್ತಿದ. ಮೋಟರು ಗುಂಯ್ ಎಂದು ಹೊಗೆ ಬಿಟ್ಟು ಸತ್ತಿತು. ಬನಹಟ್ಟಿಯಿಂದ ವೈಂಡಿಂಗ್ ಮಾಡುವವನನ್ನು ಕರೆಸಿದರು. ಅವನು ಬಿಚ್ಚಿ ನೋಡಿ, 'ನೀರ ತುಂಬದ ಹಚ್ಯಾರ್ರೀ, ಪಂಪ್ ಜಾಮ್ ಆಗೇತಿ' ಎಂದ.

ಏಳು ಮನೆಯವರ ನಡುವೆ ಒಂದು ಕರಾರು ಇದೆ. ಯಾರ ತಪ್ಪಿನಿಂದ ಮೋಟರು ಸುಡುತ್ತದೋ ಅವರೇ ದುರಸ್ತಿ ಮಾಡಿಸಬೇಕು, ಆ ಬೇಸಿಗೆ ಮುಗಿಯುವ ತನಕ ಅವರ ಪಾಳಿ ಬಂದ್. ಕಾಕಾನ ಹೊಲದಲ್ಲಿ ಆಗಷ್ಟೇ ನಾಟಿ ಮಾಡಿದ ಎಳೆ ಕಬ್ಬಿತ್ತು. ನೀರು ತಪ್ಪಿದರೆ ಅದು ನಿಲ್ಲುವಂತಿರಲಿಲ್ಲ. ಅದಕ್ಕಿಂತ ಹೆಚ್ಚಿನದು ಅವನ ಹೆಸರು. ಆ ಮೋಟರು ಕೂಡಿಸಿದ ದಿನದಿಂದ ಅದರ ಆರೈಕೆ ಅವನದೇ. ಖಂಡೇನವಮಿಯ ಆಯುಧ ಪೂಜೆಯಲ್ಲಿ ಅದಕ್ಕೆ ಮೊದಲ ಕುಂಕುಮ ಹಚ್ಚುವವನೂ ಅವನೇ. ಅಣ್ಣ ಊರಲ್ಲಿ ಇರಲಿಲ್ಲವಾದ್ದರಿಂದ ಮುಂಜಾನೆ ಮೋಟರು ಹಚ್ಚಿಯೇ ಇಲ್ಲ ಎಂದು ಊರು ತಿಳಿದಿತ್ತು. ಈಗ ಎಲ್ಲರೂ, ಕಾಕಾಗೆ ವಯಸ್ಸಾಯಿತು, ಮರೆವು ಬಂದಿದೆ ಎನ್ನತೊಡಗಿದರು. ಅವನು ಮೊದಲು ಜಗಳಾಡಿದ. 'ನಾ ನೀರ ತುಂಬೇನಲೇ!' ಎಂದು ಒದರಿದ. ಸಂಜೆಯ ಹೊತ್ತಿಗೆ ದನಿ ಇಳಿಯಿತು. ಬೀರೇಶ್ವರನ ಗುಡಿಯ ಕಟ್ಟೆಯ ಮೇಲೆ ಕೂತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ, 'ತುಂಬಿದ್ದೆ ಅನಸ್ತೈತ್ರಿ... ತುಂಬಿದ್ದೆ ಅನಸ್ತೈತಿ' ಎನ್ನತೊಡಗಿದ. ತಾನು ಮಾಡಿದ ಕೆಲಸದ ಮೇಲೆ ತನಗೇ ನಂಬಿಕೆ ಹೋಗಿತ್ತು ಆ ಮುದುಕನಿಗೆ. ನಾನು ಅದನ್ನು ನೋಡುತ್ತಿದ್ದೆ. ನೋಡುತ್ತ ಸುಮ್ಮನೆ ಇದ್ದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಏಳು ಮನೆಯವರು ಗುಡಿಯಲ್ಲಿ ಕೂಡುವುದೆಂದು ಆಯಿತು. ಮುಂಜಾನೆಯಿಂದ ಆ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದವಳು ಅಕ್ಕ ಒಬ್ಬಳೇ, ಅವಳನ್ನು ಕೇಳಿದರೆ ತಿಳಿಯುತ್ತದೆ ಎಂದರು ಹಿರಿಯರು. ನನಗೆ ಒಳಗೊಳಗೆ ಅಂಜಿಕೆ ಹುಟ್ಟಿತು. ಮರುಕ್ಷಣ, ಅವಳು ನಮ್ಮವಳಲ್ಲವೇ ಎಂದು ಧೈರ್ಯವೂ ಬಂತು. ನಾವು ಮನೆಯಿಂದ ಹೊರಡುವಾಗ ಅಕ್ಕ ನಮ್ಮ ಹೊಸ್ತಿಲ ಹೊರಗೆ ನಿಂತಿದ್ದಳು. ಮುಧೋಳದಿಂದ ಬಂದಿದ್ದ ಅಣ್ಣ ಮುಂದೆ ಹೋದ ಮೇಲೆ ನನ್ನನ್ನು ತಡೆದಳು.

'ಏನರ ಹೇಳೂದೈತೇನೋ ತಮ್ಮಾ?'

'ಏನೂ ಇಲ್ಲಬೇ ಯಕ್ಕಾ' ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೆರಗು ಹೊದ್ದುಕೊಂಡು ನನ್ನ ಮುಂದೆಯೇ ನಡೆದಳು.

ಗುಡಿಯಲ್ಲಿ ಹಿರಿಯರೊಬ್ಬರು ಭಂಡಾರದ ತಟ್ಟೆ ಮುಂದೆ ಹಿಡಿದು, ನಡೆಯುವುದಿಲ್ಲ ಎಂದು ಗೊತ್ತಿದ್ದೂ, 'ಹಿಡದ ಹೇಳವಾ' ಎಂದರು. ಅಕ್ಕ ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡು, ಕೈ ಕೊಡವಿ ನಿಂತಳು.

'ಮಧ್ಯಾಹ್ನ ಕಾಕಾ ಒಳಗ ಹೋಗಿದ್ದು ಕಂಡೇನ್ರಿ. ಹೊಗಿ ಬಂದಾಗ ಹೊರಗ ಓಡಿ ಬಂದಾನ್ರಿ. ನೀರ ತುಂಬಿದ್ದು ಬಿಟ್ಟದ್ದು ಕಂಡಿಲ್ಲ, ನಾ ಹೊರಗಿದ್ದೆ. ಮುಂಜಾನೆ ಕರೆಂಟ್ ಬಂದಾಗ ನಮ್ಮ ತಮ್ಮನೂ ಒಳಗ ಹೋಗಿದ್ದು ಕಂಡೇನ್ರಿ. ಮೋಟರಿನ ಸಪ್ಪಳ ಕೇಳೇನಿ. ಪೈಪಿನ್ಯಾಗ ನೀರ ಬರಲಿಲ್ಲ. ಅಂವಾ ನೀರ ತುಂಬಿದ್ದು ಬಿಟ್ಟದ್ದೂ ಕಂಡಿಲ್ಲ. ಇಷ್ಟ ನೋಡ್ರಿ.'

ಎಲ್ಲರ ಮುಖ ನನ್ನ ಕಡೆಗೆ ತಿರುಗಿತು. ನನ್ನ ಸಿಟ್ಟು ನೆತ್ತಿಗೇರಿತು. ಸಿಕ್ಕಿಬಿದ್ದವನಿಗೆ ಬರುವ ಸಿಟ್ಟಿಗೆ ಸರಿಸಾಟಿ ಇಲ್ಲ. 'ನೀ ನಮ್ಮ ಮನಿ ಮಗಳೋ, ಮಂದಿ ಮನಿ ಮಗಳೋ?' ಎಂದು ಗುಡಿಯಲ್ಲಿಯೇ ಕೂಗಿದೆ.

ಅಕ್ಕ ದನಿ ಏರಿಸಲಿಲ್ಲ. 'ಮನಿ ಮಗಳ ಅದೇನಿ ಅಂತನ ನಿನಗ ಮೊದಲ ಕೇಳಿದ್ದೆ' ಎಂದಳು.

ಹಿರಿಯರು ನನ್ನನ್ನು ಕೇಳಿದರು: 'ಮಾಸ್ತರ, ನೀವ ನೀರ ತುಂಬಿ ಹಚ್ಚಿದ್ರೇನ್ರೀ?'

ಆ ಗಳಿಗೆಯನ್ನು ನಾನು ಬಹಳ ಸಲ ತಿರುವಿ ನೋಡಿದ್ದೇನೆ. ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಹೌದು, ತುಂಬಿದ್ದೆ, ವೋಲ್ಟೇಜ್ ಇರಲಿಲ್ಲ, ಆರಿಸಿ ಬಂದೆ ಎಂದಿದ್ದರೆ ಸಾಕಿತ್ತು. ಮಾಸ್ತರ ಸುಳ್ಳು ಹೇಳಿಯಾನೆ ಎಂದು ಊರು ಒಪ್ಪಿಕೊಳ್ಳುತ್ತಿತ್ತು. ಅಕ್ಕನೂ ಅಲ್ಲಗಳೆಯುವಂತಿರಲಿಲ್ಲ, ಯಾಕೆಂದರೆ ಅವಳು ಕಂಡಿರಲಿಲ್ಲ. ನಮ್ಮ ಹೊಲದಲ್ಲಿ ಅಣ್ಣ ಹಚ್ಚಿದ್ದ ಕಬ್ಬೂ ಉಳಿಯುತ್ತಿತ್ತು. ಅಣ್ಣ ನನ್ನನ್ನೇ ನೋಡುತ್ತಿದ್ದ. ಸುಳ್ಳು ಬಾಯಿಯ ತನಕ ಬಂದಿತ್ತು ಕೂಡ. ಆದರೆ ಅಕ್ಕ ತನಗೆ ಗೊತ್ತಿದ್ದದ್ದನ್ನು ಎಲ್ಲಿಗೆ ನಿಲ್ಲಿಸಿದ್ದಳೋ, ಅಲ್ಲಿಂದ ಮುಂದಿನದು ನನ್ನೊಬ್ಬನ ಬಳಿ ಮಾತ್ರ ಇತ್ತು. ಕಟ್ಟೆಯ ತುದಿಯಲ್ಲಿ ಕಾಕಾ ಇನ್ನೂ ಅಂಗೈ ನೋಡಿಕೊಳ್ಳುತ್ತಲೇ ಇದ್ದ.

'ಇಲ್ರಿ, ನೀರ ತುಂಬಿರಲಿಲ್ಲ. ಮರತೆ. ಕಾಕಾನ ತಪ್ಪಿಲ್ಲ' ಎಂದೆ.

ಕಾಕಾ ತಲೆ ಎತ್ತಿದ. ನನಗೆ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಪಕ್ಕದವರ ಮೊಣಕೈ ಹಿಡಿದು, 'ನಾ ತುಂಬಿದ್ದೆ ನೋಡ್ರಿ, ನಾ ತುಂಬಿದ್ದೆ' ಎಂದು ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಅಣ್ಣ ಎದ್ದು, ನನ್ನ ಕಡೆ ನೋಡದೆ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆ ಬೇಸಿಗೆ ನಮ್ಮ ಪಾಳಿ ಬಂದ್ ಆಯಿತು. ಮಳೆ ಬರುವ ತನಕ ನಮ್ಮ ಕಬ್ಬು ಹೇಗೋ ಜೀವ ಹಿಡಿದುಕೊಂಡಿತು, ಬೆಳೆಯಲಿಲ್ಲ. ಅಣ್ಣ ದೀಪಾವಳಿಯ ತನಕ ನನ್ನ ಜೊತೆ ಮಾತಾಡಲಿಲ್ಲ, ಅದು ಅವನ ಹಕ್ಕು. ದುಡಿಯುವವನು ಅವನು, ಕೆಡಿಸಿದವನು ನಾನು. ನಾನೂ ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟೆ, ಅದು ಮಾತ್ರ ನನ್ನ ಸೊಕ್ಕು. ಓಣಿಯಲ್ಲಿ ಎದುರಾದರೆ ಅವಳು ಎಂದಿನಂತೆ 'ಆರಾಮ ಅದಿಯೇನೋ?' ಎನ್ನುತ್ತಿದ್ದಳು. ನಾನು ಹೂಂ ಎಂದು ಬೈಕಿನ ವೇಗ ಹೆಚ್ಚಿಸುತ್ತಿದ್ದೆ.

ಆದರೂ ನನ್ನಲ್ಲಿ ಏನೋ ಒಂದು ಅಲ್ಲಾಡಿ ಬೇರೆ ಕಡೆ ಕೂತಿತ್ತು. ಶಾಲೆಯಲ್ಲಿ ಒಮ್ಮೆ, ನಡೆಯದೇ ಹೋದ ಒಂದು ಕಾರ್ಯಕ್ರಮ ನಡೆದಿದೆ ಎಂದು ವರದಿಗೆ ಸಹಿ ಮಾಡಲು ಹೆಡ್‌ಮಾಸ್ತರರು ಹೇಳಿದರು. ಹಿಂದೆಲ್ಲ ಇಂಥವಕ್ಕೆ ಓದದೆಯೇ ಸಹಿ ಹಾಕಿದವನು ನಾನು. ಪೆನ್ನು ಹಿಡಿದಾಗ ಅಕ್ಕ ಕೈ ಕೊಡವಿದ್ದು ಕಣ್ಣಿಗೆ ಬಂತು. 'ನಾ ಅದನ್ನ ಕಂಡಿಲ್ರಿ ಸರ್' ಎಂದೆ. ಅಂದಿನಿಂದ ಸ್ಟಾಫ್ ರೂಮಿನಲ್ಲಿ ನನಗೆ ಹರಿಶ್ಚಂದ್ರ ಎಂದು ಹೆಸರು ಬಿತ್ತು. ಪ್ರೀತಿಯಿಂದ ಇಟ್ಟದ್ದಲ್ಲ. ಪ್ರತಿ ಸಲ ಹೀಗೆ ನಿಂತೆ ಎಂದು ಹೇಳಿದರೆ ಅದೇ ಸುಳ್ಳಾಗುತ್ತದೆ. ಆಮೇಲೂ ಎರಡು ಕಡೆ ಜಾರಿದ್ದೇನೆ. ಜಾರಿದ್ದು ಈಗ ಗೊತ್ತಾಗುತ್ತದೆ, ಮೊದಲು ಗೊತ್ತೇ ಆಗುತ್ತಿರಲಿಲ್ಲ.

ಕಬ್ಬು ಕಡಿಯುವ ಕಾಲ ಬಂತು. ರಜೆ ಹಾಕಿ ಹೊಲಕ್ಕೆ ಹೋಗಿದ್ದೆ. ಕಡಿಯುವ ಗ್ಯಾಂಗಿನ ಮುಖ್ಯಸ್ಥ ನಮ್ಮ ಕಬ್ಬಿನ ಗಣಿಕೆ ನೋಡಿ, ಇದ್ಯಾಕೆ ಇಷ್ಟು ಬಡಕಲಾಗಿದೆ ಎಂದು ಅಣ್ಣನನ್ನು ಕೇಳಿದ. ನಾನು ಕಡಿದು ಕಟ್ಟಿದ ಕಬ್ಬಿನ ಸಿವುಡುಗಳ ಆಚೆ ಇದ್ದೆ.

'ಬ್ಯಾಸಗ್ಯಾಗ ಪಾಳಿ ಬಂದ್ ಇತ್ತು. ನಮ್ಮ ತಮ್ಮ ನೀರ ತುಂಬದ ಮೋಟರ್ ಹಚ್ಚಿದ್ದ' ಎಂದ ಅಣ್ಣ.

'ಯಾರ ಕಂಡ್ರು?'

'ಯಾರೂ ಕಂಡಿಲ್ಲ. ಅಂವಾನೇ ಹೇಳಿದ.'

ಅಷ್ಟು ಹೇಳಿ ಅಣ್ಣ ಮತ್ತೆ ಕೆಲಸಕ್ಕೆ ಬಗ್ಗಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಅಲ್ಲಿ ನಿಲ್ಲಲಾರದೆ ನದಿಯ ಕಡೆಗೆ ನಡೆದೆ. ದಂಡೆಯ ಮೇಲೆ ಅಕ್ಕ ಕುರಿಗಳ ನಡುವೆ ಕೂತು ಒಂದು ಮರಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ಪಕ್ಕದಲ್ಲಿ ಕೂತೆ. ಅವಳು ಮರಿಯನ್ನು ನನ್ನ ಕೈಗೆ ಕೊಟ್ಟು, ಗಟ್ಟಿ ಹಿಡಿ ಎಂದಳು. ಹಿಡಿದೆ.

ಅವಳ ಮುಂದೆ ಕ್ಷಮೆ ಕೇಳಬೇಕೆಂದು ಹೋದವನು ನಾನು. ಬಾಯಿಂದ ಬಂದದ್ದು ಬೇರೆ. ಇಷ್ಟು ದಿನ ಒಳಗೆ ಕೊರೆಯುತ್ತಿದ್ದದ್ದನ್ನೇ ಕೇಳಿದೆ. 'ಯಕ್ಕಾ, ಅವತ್ತ ಗುಡ್ಯಾಗ, ನಾ ಸುಳ್ಳ ಹೇಳತೇನಿ ಅಂತ ನಿನಗ ಅನಸಿತ್ತೇನ್?'

ಇಲ್ಲೋ ತಮ್ಮಾ, ನೀನು ನಮ್ಮವನು, ನೀನು ಹಾಗೆ ಮಾಡುವವನಲ್ಲ ಎಂದು ನನಗೆ ಗೊತ್ತಿತ್ತು ಎನ್ನುತ್ತಾಳೆಂದು ಕಾದೆ. ಬೇರೆ ಯಾರಾದರೂ ಹಾಗೆಯೇ ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ.

ಅಕ್ಕ ಮುಳ್ಳು ಕಿತ್ತು ಎಸೆದಳು.

'ಅನಸಿತ್ತು' ಎಂದಳು. 'ಆದರ ಅನಸಿದ್ದು ಕಂಡಂಗಲ್ಲ. ಅದಕ್ಕ ಹೇಳಲಿಲ್ಲ.'